ಸರ್ವರ್ ಸಾಹೇಬರಿಗೆ ಚಿಮ್ಮಡದಿಂದ ಒಂದು ಬಹಿರಂಗ ಅರ್ಜಿ

ಗೆ,
ಸನ್ಮಾನ್ಯ ಸರ್ವರ್ ಸಾಹೇಬರು,
ವಿಳಾಸ: ಯಾರಿಗೂ ಗೊತ್ತಿಲ್ಲ.

ಸಾ॥ ಚಿಮ್ಮಡ, ತಾ॥ ರಬಕವಿ-ಬನಹಟ್ಟಿ, ಜಿ॥ ಬಾಗಲಕೋಟೆ, ಇಲ್ಲಿಂದ ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರ ಮಾಡುವ ನಮಸ್ಕಾರಗಳು.

ತಮ್ಮನ್ನು ಕಣ್ಣಾರೆ ಕಂಡವರು ನಮ್ಮೂರಲ್ಲಿ ಯಾರೂ ಇಲ್ಲ. ಆದರೆ ತಮ್ಮ ಹೆಸರು ಕಿವಿಗೆ ಬೀಳದ ದಿನವೂ ಇಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದಾಗಲೂ ಅರಸ ಎಲ್ಲಿರುತ್ತಾನೆ ಎಂಬುದು ರೈತನಿಗೆ ಗೊತ್ತಿತ್ತು. ರಾಮತೀರ್ಥದ ಅರಮನೆ ಇಂದಿಗೂ ಜಮಖಂಡಿಯ ಗುಡ್ಡದ ಮೇಲಿದೆ, ಬೇಕಾದವರು ಹೋಗಿ ನೋಡಿ ಬರಬಹುದು. ತಾವು ಬೆಂಗಳೂರಲ್ಲಿದ್ದೀರೋ ದಿಲ್ಲಿಯಲ್ಲಿದ್ದೀರೋ ಎಂದು ಕೇಳಿದರೆ ಮಾತ್ರ ಆಪರೇಟರ್ ಹುಡುಗ ಮೇಲೆ ತಿರುಗುವ ಫ್ಯಾನಿನ ಕಡೆ ನೋಡುತ್ತಾನೆ.

ನಿವೃತ್ತನಾದ ಮೇಲೆ ಊರಿನವರ ಅರ್ಜಿ ತುಂಬಿಕೊಡುವ ಕೆಲಸ ನನಗೆ ಅಂಟಿಕೊಂಡಿದೆ. ಹೋದ ತಿಂಗಳು ನಮ್ಮ ಓಣಿಯ ಅಜ್ಜಿಯೊಬ್ಬಳನ್ನು ಕರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಹುಡುಗ ತಲೆ ಎತ್ತದೆ ಹೇಳಿದ: "ಸರ್ವರ್ ಇಲ್ರಿ." ಅಜ್ಜಿ ಕೇಳಿದಳು: "ಎಂದ ಬರ್ತಾನ?" "ಹೇಳಾಕ ಬರೂದಿಲ್ಲಬೇ ಆಯಿ. ನಾಳೆ ಬಂದು ನೋಡ್ರಿ." ಅಜ್ಜಿಗೆ ಸಿಟ್ಟು ಬರಲಿಲ್ಲ, ಕನಿಕರ ಬಂತು. "ಮೊನ್ನೆನೂ ಬಂದಿದ್ದಿಲ್ಲ. ಅವಗ ಆರಾಮ ಇಲ್ಲೇನೋ ಯಪ್ಪಾ?" ಎಂದಳು. ಸಾಹೇಬರೇ, ಇಡೀ ಸರ್ಕಾರದಲ್ಲಿ ತಮ್ಮ ಆರೋಗ್ಯವನ್ನು ಮನಸ್ಸಿಟ್ಟು ವಿಚಾರಿಸಿದವಳು ಅವಳೊಬ್ಬಳೇ ಇರಬೇಕು.

ತಾವು ಬಂದ ಹೊಸದರಲ್ಲಿ ನಾನು ತಮ್ಮ ಪರವೇ ಇದ್ದೆ, ಈಗಲೂ ಪೂರ್ತಿ ವಿರೋಧಿಯಲ್ಲ. 2000ದ ಸುಮಾರಿಗೆ 'ಭೂಮಿ' ಯೋಜನೆ ಬಂತು. ತಲಾಠಿಯ ಕೈಬರಹದಲ್ಲಿದ್ದ ಪಹಣಿ ಕಂಪ್ಯೂಟರಿಗೆ ಏರಿತು. ಹದಿನೈದು ರೂಪಾಯಿ ಕೊಟ್ಟರೆ ತಾಲ್ಲೂಕಿನ ಕಿಟಕಿಯಲ್ಲಿ ಉತಾರ ಕೈಗೆ ಬಂದಾಗ ಮುದುಕರು ಅದನ್ನು ದೇವರ ಜಗಲಿಯ ಮೇಲಿಟ್ಟದ್ದನ್ನು ನೋಡಿದ್ದೇನೆ. ಅದಕ್ಕೂ ಮೊದಲು ಹೆಸರಿನ ಒಂದು ಅಕ್ಷರ ತಿದ್ದಿಸಲು ತಲಾಠಿಯ ಮನೆಗೆ ತುಪ್ಪ, ಬೆಲ್ಲ, ಹೊರೆಗಟ್ಟಲೆ ಸೊಪ್ಪು ಹೊತ್ತವರುಂಟು. ಆ ತಲಾಠಿ ಒಳ್ಳೆಯವನೇನೂ ಆಗಿರಲಿಲ್ಲ. ಆದರೆ ಅವನಿಗೊಂದು ಕಟ್ಟೆ ಇತ್ತು, ಅದರ ಮೇಲೆ ಕುಳಿತು ಕಾಯಬಹುದಿತ್ತು. ಅವನ ಹೆಂಡತಿ ನೀರು ಕೊಡುತ್ತಿದ್ದಳು. ಹೆಚ್ಚು ಸತಾಯಿಸಿದರೆ ಸಂತೆಯಲ್ಲಿ ನಾಲ್ಕು ಮಂದಿಯ ಎದುರು ಅವನ ಮಾನ ತೆಗೆಯಬಹುದಿತ್ತು. ತಮಗೆ ಕಟ್ಟೆಯೂ ಇಲ್ಲ, ಸಂತೆಯೂ ಇಲ್ಲ.

ಈ ಗುಣವನ್ನು ಮೊದಲು ಗುರುತಿಸಿದವರು ಮೇಲಿನ ಅಧಿಕಾರಿಗಳು. ತಮ್ಮನ್ನು ಅಮಾನತು ಮಾಡಲು ಬರುವುದಿಲ್ಲ, ಎತ್ತಂಗಡಿ ಮಾಡಿಸಲು ಬರುವುದಿಲ್ಲ, ಲೋಕಾಯುಕ್ತರು ಬಲೆ ಬೀಸಿ ಹಿಡಿಯಲು ಬರುವುದಿಲ್ಲ. ಎಲ್ಲ ತಪ್ಪನ್ನೂ ತಮ್ಮ ತಲೆಗೆ ಕಟ್ಟಿದರೆ ತಾವು ಒಂದು ಮಾತೂ ಆಡುವುದಿಲ್ಲ. ಇಂಥ ಸಹೋದ್ಯೋಗಿ ಯಾರಿಗುಂಟು, ಯಾರಿಗಿಲ್ಲ! ಎದುರಿಗೆ ಮನುಷ್ಯರಿದ್ದರೆ ಮಾತು ಬೇರೆ. 2025ರ ನವೆಂಬರಿನಲ್ಲಿ ಕಬ್ಬಿನ ರೈತರು ಬೆಲೆಗಾಗಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರಸ್ತೆ ಮೇಲೆ ಕುಳಿತರು. ಅಲ್ಲೇ ಉಂಡು ಅಲ್ಲೇ ಮಲಗಿದರು. ಕೊನೆಗೆ ಮುಖ್ಯಮಂತ್ರಿಗಳು ಸಭೆ ಕರೆದು ಟನ್ನಿಗೆ 3,300 ರೂಪಾಯಿ ಎಂದು ಹೇಳಬೇಕಾಯಿತು. ಅದು ಸಾಕೋ ಸಾಲದೋ ಬೇರೆ ಮಾತು. ಆದರೆ ರೈತರಿಗೆ ಕೂಡಲು ಒಂದು ಕ್ರಾಸ್ ಇತ್ತು, ಉತ್ತರ ಹೇಳಲು ಒಬ್ಬ ಮನುಷ್ಯನಿದ್ದ. ತಮ್ಮ ವಿರುದ್ಧ ನಾವು ಯಾವ ಕ್ರಾಸಿನಲ್ಲಿ ಕೂಡಬೇಕು?

ತಮ್ಮ ಆರೋಗ್ಯ ಈಚೆಗೆ ರಾಜಕೀಯವೂ ಆಗಿದೆ. 2023ರ ಜೂನಿನಲ್ಲಿ ಗ್ಯಾರಂಟಿ ಯೋಜನೆಗಳ ಅರ್ಜಿಗಳು ಹತ್ತದೆ ಜನ ಸಾಲುಗಟ್ಟಿದಾಗ, ನಮ್ಮ ನೆರೆಯ ಗೋಕಾಕದವರೇ ಆದ ಸಚಿವ ಸತೀಶ ಜಾರಕಿಹೊಳಿಯವರು ಕೇಂದ್ರ ಸರ್ಕಾರ ತಮ್ಮನ್ನು ಹ್ಯಾಕ್ ಮಾಡಿದೆ ಎಂದರು. 2025ರ ಫೆಬ್ರವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಮುಗ್ಗರಿಸಿ ಖರೀದಿಪತ್ರಗಳು ನಿಂತಾಗ, ದುಷ್ಟರು ಬೇಕೆಂದೇ ತಮ್ಮ ಮೇಲೆ ಮುಗಿಬಿದ್ದರು ಎಂದು ಸರ್ಕಾರ ಹೇಳಿತು. ದೊಡ್ಡವರಿಗೆ ದೊಡ್ಡ ಶತ್ರುಗಳು. ಚಿಮ್ಮಡದ ಮಟ್ಟಿಗೆ ತಮಗೆ ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ನಾಲ್ಕರವರೆಗೆ ಜೋಂಪು ಹತ್ತುತ್ತದೆ, ಅಷ್ಟೇ.

ಇನ್ನು ನನ್ನ ಕಸುಬಿನ ಮಾತು. ಶಾಲೆ.

ನಮ್ಮ ಕಡೆ ತೋಟದ ಶಾಲೆಗಳಿವೆ. ಕಬ್ಬಿನ ನಡುವೆ ಎರಡು ಕೋಣೆ, ಒಂದು ನೀರಿನ ಟಾಕಿ, ಒಂದರಿಂದ ಐದರವರೆಗೆ ತರಗತಿ. ಅಂಥ ಒಂದು ಶಾಲೆಗೆ ಬರುವ ಅತಿಥಿ ಶಿಕ್ಷಕಿ ನನ್ನ ಹಳೆಯ ವಿದ್ಯಾರ್ಥಿನಿ, ಎಂ.ಎ., ಬಿ.ಇಡಿ. ತಿಂಗಳಿಗೆ 12,000 ರೂಪಾಯಿ ಗೌರವಧನ. 2025-26ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿದ ಮೇಲಿನ ಮಾತು ಇದು. ಒಮ್ಮೆ ನಾನು ಹೋದಾಗ ಆಕೆ ಟಾಕಿಯ ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಂತು ಮೊಬೈಲನ್ನು ಆಕಾಶಕ್ಕೆ ಹಿಡಿದಿದ್ದಳು. ಕೆಳಗೆ ಮಕ್ಕಳು ತಾವೇ ಮಗ್ಗಿ ಒದರುತ್ತಿದ್ದರು. "ಏನವ್ವಾ ಇದು?" ಎಂದೆ. "ಇವತ್ತು ಎಷ್ಟು ಮಕ್ಕಳು ಉಂಡಾರ, ಎಷ್ಟು ತತ್ತಿ, ಎಷ್ಟು ಬಾಳಿಹಣ್ಣು ಅಂತ ಏರಿಸಬೇಕ್ರಿ ಸರ್. ಈ ಮೆಟ್ಟಲಿಗೆ ಮಾತ್ರ ಎರಡು ಕಡ್ಡಿ ಬರ್ತಾವ." ತತ್ತಿಯನ್ನು ಬೇಯಿಸಿದವಳು, ಸುಲಿದವಳು, ಬಡಿಸಿದವಳು ಅಡುಗೆಯಾಕೆ, ಆಕೆಗೆ ಸಿಗುವುದು ಈ ಹನ್ನೆರಡು ಸಾವಿರದ ಅರ್ಧವೂ ಅಲ್ಲ. ಮಕ್ಕಳು ಆ ತತ್ತಿಯನ್ನು ಎಂದೋ ತಿಂದು ಮುಗಿಸಿದ್ದರು. ತಮಗೆ ಮಾತ್ರ ಅದು ಇನ್ನೂ ಮುಟ್ಟಿರಲಿಲ್ಲ.

ಬಂದ ಹುಡುಗರ ಸಂಖ್ಯೆ, ಹಾಲಿನ ಪುಡಿ, ಬೂಟು, ಶೌಚಾಲಯದ ಫೋಟೋ, ಆಧಾರಿಗೂ ಶಾಲೆಯ ದಾಖಲೆಗೂ ಹೆಸರಿನ ಕಾಗುಣಿತ ತಾಳೆಯಾಗದ ಮಕ್ಕಳ ಪಟ್ಟಿ, ಎಲ್ಲವೂ ತಮಗೆ ಬೇಕು. ಪಾಠ ಮಾತ್ರ ಬೇಡ. ಐದು ತರಗತಿಗೆ ಒಬ್ಬಳೇ ಟೀಚರ್ ಇದ್ದಾಳೆ ಎಂಬುದೂ ತಮ್ಮ ಹೊಟ್ಟೆಯಲ್ಲಿ ದಾಖಲಾಗಿದೆ. ಅದನ್ನು ತಾವು ಯಾರಿಗೂ ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಅದು ತಮ್ಮ ದೊಡ್ಡ ಜಾತ್ರೆ. ಅರವತ್ತು ಪ್ರಶ್ನೆ. ಕರೆಂಟಿನ ಮೀಟರ್ ಹಿಡಿದು ಮನೆ ಮನೆಗೆ ಚೀಟಿ ಅಂಟಿಸಿದರು. ಮಾಸ್ತರರು ಚೀಟಿ ಹುಡುಕುತ್ತ ಹೋದರೆ ಒಂದು ಮನೆ ಈ ಓಣಿಯಲ್ಲಿ, ಮುಂದಿನದು ಊರಾಚೆಯ ತೋಟದಲ್ಲಿ, ಅದರ ಮುಂದಿನದು ಬೀಗ ಹಾಕಿದ ಎಮ್ಮೆ ಕೊಟ್ಟಿಗೆಯಲ್ಲಿ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ತಮ್ಮ ಮನೆಗೆ ಗಣತಿದಾರರು ಬಂದಾಗ ಕೋಳಿ-ಕುರಿಯ ಲೆಕ್ಕವೆಲ್ಲ ಏಕೆ ಎಂದು ಬೇಸರಪಟ್ಟರು. ನಮ್ಮಲ್ಲಿ ಆ ಬೇಸರ ಇರಲಿಲ್ಲ. ಕೋಳಿ ಎಷ್ಟಿವೆ ಎಂದು ಸರ್ಕಾರ ಕೇಳಿದ್ದೇ ಭಾಗ್ಯ ಎಂದು ಜನ ಎಣಿಸಿ ಹೇಳಿದರು. ತೊಡಕಾದದ್ದು ಒಟಿಪಿ. ಗಂಡ ಕಬ್ಬು ಕಡಿಯಲು ಹೋಗಿದ್ದಾನೆ, ಮೊಬೈಲ್ ಅವನ ಜೇಬಿನಲ್ಲಿದೆ, ಮನೆಯ ಮುಂದೆ ಮಾಸ್ತರ ನಿಂತಿದ್ದಾನೆ, ತಾವು ಅರವತ್ತು ಸೆಕೆಂಡು ಎಣಿಸುತ್ತಿದ್ದೀರಿ. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದದ್ದು ಮುಗಿಯಲಿಲ್ಲ. 18ರ ತನಕ ಶಾಲೆಗಳಿಗೆ ರಜೆ ಕೊಟ್ಟರು. ಜನರ ಶೈಕ್ಷಣಿಕ ಸ್ಥಿತಿಗತಿ ಅರಿಯಲು ಶಾಲೆ ಮುಚ್ಚಿದ ಈ ಉಪಾಯ ತಮಗೆ ಹೊಳೆದದ್ದೋ, ಮನುಷ್ಯರಿಗೆ ಹೊಳೆದದ್ದೋ? ಮನುಷ್ಯರಿಗೇ ಹೊಳೆದಿರಬೇಕು, ತಮಗೆ ಅಷ್ಟು ಹಾಸ್ಯಪ್ರಜ್ಞೆ ಇದ್ದಂತೆ ಕಾಣೆ.

ಒಂದು ವಿಷಯದಲ್ಲಿ ತಾವು ನಿಜ ಹೇಳಿದಿರಿ, ಅದಕ್ಕೆ ಕೈ ಮುಗಿಯುತ್ತೇನೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೋಣೆ ಕೋಣೆಗೂ ಕ್ಯಾಮೆರಾ ಹಚ್ಚಿ ತಾವೇ ಕಣ್ಣಿಟ್ಟು ಕುಳಿತಿರಿ. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಬಂತು, ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ. 2025ರ ಮೊದಲ ಪರೀಕ್ಷೆಯಲ್ಲಿ ಶೇ. 62.34. ಅದೇ 2024ರಲ್ಲಿ ನಮ್ಮ ಪಕ್ಕದ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ 625ಕ್ಕೆ 625 ತೆಗೆದು ರಾಜ್ಯಕ್ಕೆ ಮೊದಲಿಗಳಾದಳು. ತಮ್ಮ ಕ್ಯಾಮೆರಾ ಅವಳನ್ನೂ ನೋಡುತ್ತಿತ್ತು. ಪರೀಕ್ಷೆಯ ಆ ಕೆಲವು ದಿನ ಕಣ್ಣು ಬಿಟ್ಟವರು ಉಳಿದ ಹತ್ತು ತಿಂಗಳು ಗಣಿತದ ಮಾಸ್ತರರಿಲ್ಲದ ತರಗತಿಯ ಕಡೆಗೂ ಅದೇ ಕ್ಯಾಮೆರಾ ತಿರುಗಿಸಿದ್ದರೆ, ನಕಲು ಮಾಡುವವನೂ ಏನೋ ಒಂದಿಷ್ಟು ಕಲಿತಿರುತ್ತಿದ್ದ.

ದುಡಿಮೆಯ ಜಾಗದಲ್ಲೂ ತಮ್ಮದೇ ಕಾರುಬಾರು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೂಲಿಯವರಿಗೆ ದಿನಕ್ಕೆ ಎರಡು ಸಲ ಆ್ಯಪಿನಲ್ಲಿ ಫೋಟೋ ಕಡ್ಡಾಯವಾಯಿತು. ಬೆಳಗಿನ ತಂಪಿನಲ್ಲಿ ಹೂಳೆತ್ತಿ ಮುಗಿಸಿದ ಹೆಂಗಸರು ಎರಡನೇ ಫೋಟೋಕ್ಕಾಗಿ ಬಿಸಿಲಲ್ಲಿ ಕಾದರು. ಹಾಜರಾತಿಯ ಕಳ್ಳರೇನು ಸುಮ್ಮನಿದ್ದರೇ? ಅವರು ಫೋಟೋದ ಫೋಟೋ ಹೊಡೆದು ತಮಗೆ ಉಣಿಸಿದರು, ತಾವು ಉಂಡಿರಿ. ಹೀಗಾಗುತ್ತಿದೆ ಎಂದು 2025ರ ಜುಲೈಯಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯೇ ರಾಜ್ಯಗಳಿಗೆ ಬರೆಯಬೇಕಾಯಿತು. ಅದೇ ತಿಂಗಳಿಂದ ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರು ಮನೆಗೆ ರೇಷನ್ ಒಯ್ಯಬೇಕಾದರೆ ತಮ್ಮ ಮುಂದೆ ಕಣ್ಣು ಮಿಟುಕಿಸಬೇಕು. ಅತ್ತೆಯ ಎದುರು ತಲೆ ಎತ್ತದ ಸೊಸೆಯಂದಿರು ಮೊಬೈಲಿಗೆ ಕಣ್ಣು ಹೊಡೆಯುವುದನ್ನು ನೋಡಿ ನಮ್ಮೂರ ಹಿರಿಯರು ಮುಖ ತಿರುಗಿಸಿಕೊಂಡರು.

ಬನಹಟ್ಟಿಯ ನೇಕಾರರ ಮುದುಕಿಯೊಬ್ಬಳ ಬಲ ಹೆಬ್ಬೆರಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹುಡುಗಿಯಾಗಿದ್ದಾಗಿನಿಂದ ಕಂಡಿಕೆ ಸುತ್ತಿದ ಬೆರಳು. ನೂಲು ಹರಿದು ಹರಿದು ತುದಿ ನುಣ್ಣಗೆ ಹೊಳೆಯುತ್ತದೆ, ಒಂದು ಗೆರೆಯೂ ಇಲ್ಲ. ರೇಷನ್ ಅಂಗಡಿಯಲ್ಲಿ ಮೊದಲು ಹಾಗೇ ಒತ್ತಿದಳು. ಆಗಲಿಲ್ಲ. ಸೆರಗಿಗೆ ಒರೆಸಿ ಒತ್ತಿದಳು. ಕೂದಲಿಗೆ ತಿಕ್ಕಿ ಎಣ್ಣೆ ಹತ್ತಿಸಿಕೊಂಡು ಒತ್ತಿದಳು. ಅಂಗಡಿಯವ ಅವಳ ಬೆರಳನ್ನು ತಾನೇ ಹಿಡಿದು, ರೊಟ್ಟಿ ತಟ್ಟಿದ ಹಾಗೆ ಆ ಗಾಜಿನ ಮೇಲೆ ತಟ್ಟಿದ. ಒಂದೊಂದಾಗಿ ಹತ್ತೂ ಬೆರಳು ಮುಗಿದವು. ಸಹಿ ಮಾಡಲು ಬಾರದವರ ಹೆಬ್ಬೆಟ್ಟನ್ನು ಒಂದು ಕಾಲದ ಸರ್ಕಾರ ಮಸಿ ಹಚ್ಚಿ ಒಪ್ಪಿಕೊಂಡಿತ್ತು. ಈಗ ಆಕೆ ಸಾಕ್ಷರತಾ ತರಗತಿಗೆ ಹೋಗಿ ಹೆಸರು ಬರೆಯಲು ಕಲಿತಿದ್ದಾಳೆ. ತಾವು ಸಹಿ ಒಪ್ಪುವುದಿಲ್ಲ, ಹೆಬ್ಬೆಟ್ಟೇ ಬೇಕು. ಹೆಬ್ಬೆಟ್ಟನ್ನು ಮಗ್ಗ ತಿಂದಿದೆ. ನಮ್ಮೂರ ಪ್ರಭುಲಿಂಗೇಶ್ವರ ಜಾತ್ರೆಯಲ್ಲಿ ಸಾವಿರಾರು ಮಂದಿಗೆ ಕಿಚಡಿ ಬಡಿಸುತ್ತಾರೆ, ಯಾರ ಬೆರಳನ್ನೂ ಕೇಳುವುದಿಲ್ಲ. ಎರಡು ಸಲ ಪಂಕ್ತಿಗೆ ಕೂತವರೂ ಇರಬಹುದು. ಕಿಚಡಿ ಇದುವರೆಗೆ ಕಡಿಮೆ ಬಿದ್ದಿಲ್ಲ.

ತಮ್ಮಿಂದ ನಮಗಷ್ಟೇ ತೊಂದರೆ ಎಂದು ನಾನು ದೂರುತ್ತಿಲ್ಲ. 2024ರ ಸೆಪ್ಟೆಂಬರಿನಲ್ಲಿ ತಲಾಠಿಗಳೇ, ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು, ಮುಷ್ಕರಕ್ಕೆ ಕುಳಿತರು. ಹದಿನೇಳಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಹೇಳುತ್ತೀರಿ, ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಇಂಟರ್‌ನೆಟ್ಟು ಕೊಡುವುದಿಲ್ಲ ಎಂದು ಅವರ ಗೋಳು. ಹಿಂದೆ ನಾವು ಯಾರ ಕಟ್ಟೆಯ ಮೇಲೆ ಕಾಯುತ್ತಿದ್ದೆವೋ ಆ ತಲಾಠಿ ಇಂದು ತಮ್ಮ ಬಾಗಿಲಲ್ಲಿ ನಮ್ಮ ಪಕ್ಕವೇ ನಿಂತಿದ್ದಾನೆ. ತಮ್ಮ ಪರವಾಗಿ ದಿನವಿಡೀ ಬೈಗುಳ ತಿನ್ನುವ ಆಪರೇಟರ್ ಹುಡುಗ ಹೊರಗುತ್ತಿಗೆಯವನು. ಅವನ ಪಗಾರ ಬರದಿದ್ದಾಗ ಅವನಿಗೂ ಅದೇ ಉತ್ತರ: "ಸರ್ವರ್ ಇಲ್ರಿ."

ಇಷ್ಟು ಹೇಳಿ ನನ್ನ ಒಂದೇ ಬೇಡಿಕೆಗೆ ಬರುತ್ತೇನೆ. ಈ ರಾಜ್ಯದಲ್ಲಿ 'ಸಕಾಲ' ಎಂಬ ಕಾಯ್ದೆ ಇದೆ. 2011ರಲ್ಲಿ ಮಾಡಿದ್ದು, 2012ರ ಏಪ್ರಿಲಿನಲ್ಲಿ ಜಾರಿಗೆ ಬಂದದ್ದು. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ತಡ ಮಾಡಿದ ನೌಕರನಿಂದ ವಸೂಲು ಮಾಡಿ ಅರ್ಜಿದಾರನಿಗೆ ಕೊಡಬೇಕು. ಒಳ್ಳೆಯ ಕಾಯ್ದೆ, ಓದಿದರೆ ಕಣ್ಣು ತುಂಬುತ್ತದೆ. ಆದರೆ ದಿನದ ಲೆಕ್ಕ ಶುರುವಾಗುವುದು ಅರ್ಜಿ ದಾಖಲಾಗಿ ಸ್ವೀಕೃತಿ ನಂಬರು ಬಂದ ಮೇಲೆ. ತಾವು ಇಲ್ಲದ ದಿನ ಅರ್ಜಿಯೇ ದಾಖಲಾಗುವುದಿಲ್ಲ. ದಾಖಲಾಗದ ಅರ್ಜಿಗೆ ತಡವೆಂಬುದೇ ಇಲ್ಲ. ನಮ್ಮ ಓಣಿಯ ಅಜ್ಜಿ ಬಸ್ಸಿಗೆ ಹೋಗಿ ಬಂದದ್ದು, ಒಂದು ದಿನದ ಕೂಲಿ ಬಿಟ್ಟದ್ದು, ಬಿಸಿಲಲ್ಲಿ ಕಾದದ್ದು ಯಾವ ಲೆಕ್ಕಕ್ಕೂ ಇಲ್ಲ. ಕಡತದ ಪ್ರಕಾರ ಅವಳು ಮನೆ ಬಿಟ್ಟು ಹೊರಟೇ ಇಲ್ಲ.

ಆದ್ದರಿಂದ ತಾವು ಇಲ್ಲದ ದಿನ, ಇಲ್ಲ ಎಂಬುದಕ್ಕೆ ಒಂದು ಚೀಟಿ ಕೊಡಿಸಬೇಕು. ಕಂಪ್ಯೂಟರಿನದು ಬೇಡ. ಕಾಗದದ ಮೇಲೆ, ಪೆನ್ನಿನಲ್ಲಿ ಬರೆದದ್ದು. ಸಕಾಲದ ದಿನಗಳನ್ನು ಆ ಚೀಟಿಯ ತಾರೀಖಿನಿಂದ ಎಣಿಸಬೇಕು. ತಮಗೆ ತೊಂದರೆಯಾಗಬಾರದೆಂದು ಮಾದರಿಯನ್ನು ನಾನೇ ತಯಾರಿಸಿ, ಬನಹಟ್ಟಿಯಲ್ಲಿ ಝೆರಾಕ್ಸ್ ತೆಗೆಸಿ, ಅರ್ಜಿಗೆ ಬರುವವರ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ಇದುವರೆಗೆ ಯಾರೂ ಸಹಿ ಹಾಕಿಕೊಟ್ಟಿಲ್ಲ. ತಮ್ಮ ಒಂದು ಆದೇಶವಾದರೆ ಹಾಕುತ್ತಾರೆ. ಮಾದರಿ ಹೀಗಿದೆ:

"ಶ್ರೀ/ಶ್ರೀಮತಿ ................ ಸಾ॥ ................ ಇವರು ದಿನಾಂಕ ............ ರಂದು ............ ಗಂಟೆಗೆ ಈ ಕಚೇರಿಗೆ ಖುದ್ದಾಗಿ ಬಂದಿದ್ದರು. ಸರ್ವರ್ ಸಾಹೇಬರು ಬಂದಿರಲಿಲ್ಲ. ಇವರು ಬಂದುಹೋದದ್ದು ಸತ್ಯ. ಸಹಿ, ಶಿಕ್ಕೆ."

ತಮ್ಮ ವಿಧೇಯ,
ನಿವೃತ್ತ ಮಾಸ್ತರ, ಚಿಮ್ಮಡ