ದೋಣಿಗೆ ತೂತು ಕೊರೆಯುವ ಮುಹೂರ್ತ

ಮೇರಿಲ್ಯಾಂಡಿನಲ್ಲಿ ನೆಲೆಯಾದ ಕನ್ನಡಿಗ ಗಂಡಸರಿಗೆ ಐವತ್ತು ತುಂಬುವ ಹೊತ್ತಿಗೆ ಏನಾದರೊಂದು ಹುಚ್ಚು ಹಿಡಿಯುತ್ತದೆ. ಕೆಲವರಿಗೆ ಲ್ಯಾನ್‌ಹ್ಯಾಮಿನ ಶಿವ-ವಿಷ್ಣು ದೇವಸ್ಥಾನದ ಓಡಾಟ, ಕೆಲವರಿಗೆ ಕಾವೇರಿ ಸಂಘದ ನಾಟಕ. ನಮ್ಮನೆಯವರಿಗೆ ದೋಣಿ ಹಿಡಿಯಿತು. ತೀರ್ಥಹಳ್ಳಿಯಲ್ಲಿ ತುಂಗೆಯ ದಡದಲ್ಲಿ ಹುಟ್ಟಿದವನಿಗೆ ನೀರು ಹೊಸದೇ ಎನ್ನುವುದು ಅವರ ವಾದ. ಈಜು ಬರುತ್ತದೆಯೇ ಎಂದು ಮಾತ್ರ ಕೇಳಬಾರದು. ಹಾಸನದ ಸ್ನೇಹಿತರೊಬ್ಬರೂ ಇವರೂ ಅರ್ಧರ್ಧ ದುಡ್ಡು ಹಾಕಿ ಅನ್ನಾಪೊಲಿಸ್‌ನಲ್ಲಿ 30 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡರು. ಅದರೊಳಗೆ ಒಲೆ, ಮಲಗುವ ಜಾಗ, ಕಕ್ಕಸು ಎಲ್ಲ ಇದ್ದವು. ನೀರಿಗಿಳಿದವರು ವಾಪಸ್ ಹತ್ತುವುದಕ್ಕೆ ಮಾತ್ರ ಏನೂ ಇರಲಿಲ್ಲ.

ಇದು ಗೊತ್ತಾಗಿದ್ದು ರೋಡ್ ರಿವರ್‌ನಲ್ಲಿ ಲಂಗರು ಹಾಕಿದ್ದಾಗ. ಹಾಸನದವರು ಧುಮುಕಿದರು, ದೋಣಿಗೆ ಒಂದು ಸುತ್ತು ಈಜಿದರು, ಹಿಂಬದಿಗೆ ಬಂದು ಕೈ ಚಾಚಿದರು. ಅಂಚು ಕೈಗೆ ಸಿಕ್ಕಿತು, ಮೈ ಮೇಲೆ ಬರಲಿಲ್ಲ. ಕಾಲೂರಲು ಏನೂ ಇಲ್ಲದೆ ಬರೀ ತೋಳಿನಿಂದ ಮೈ ಎತ್ತಿಕೊಳ್ಳುವುದು ಪೈಲ್ವಾನರ ಕೆಲಸ. ಅದರ ಮೇಲೆ ಕಾಲುಗಳು ದೋಣಿಯ ಅಡಿಗೇ ತೂರಿಕೊಳ್ಳುತ್ತವೆ. ನಮ್ಮವರು ಎಳೆದರು, ನನ್ನ ಮಗ ಎಳೆದ, ಅವರ ಚಡ್ಡಿ ಒಂದೇ ಮೇಲೆ ಬರುವ ಲಕ್ಷಣ ಕಂಡಿತು. ಕೊನೆಗೆ ಹಾಯಿ ಏರಿಸುವ ಹಗ್ಗವನ್ನು ಕಂಕುಳಡಿ ಸುತ್ತಿ, ವಿಂಚ್‌ಗೆ ಹಾಕಿ, ಕರಕರ ತಿರುಗಿಸಿ ಎತ್ತಿದೆವು. ಅಂತರಿಕ್ಷದಲ್ಲಿ ನೀರು ಸುರಿಸುತ್ತ ತೂಗಾಡುತ್ತಿದ್ದ ಮನುಷ್ಯ ಹೇಳಿದ್ದು ಒಂದೇ ಮಾತು: “ಗುರು, ಫೋಟೋ ಬೇಡ.” ಅಷ್ಟರಲ್ಲಿ ಅವರ ಹೆಂಡತಿಯೇ ಅದನ್ನು ವಾಟ್ಸಾಪಿಗೆ ಹಾಕಿಯಾಗಿತ್ತು.

ಅವತ್ತು ರಾತ್ರಿ ನನ್ನ ಮಗ ‘ಓಪನ್ ವಾಟರ್ 2: ಅಡ್ರಿಫ್ಟ್’ ಎಂಬ 2006ರ ಸಿನಿಮಾ ಹಾಕಿದ. ಏಣಿ ಇಳಿಸದೆ ದೊಡ್ಡವರೆಲ್ಲ ನೀರಿಗಿಳಿದುಬಿಡುತ್ತಾರೆ, ಕಥೆ ಅಷ್ಟೆ. ಸಿನಿಮಾ ಮುಗಿಯುವ ಮೊದಲೇ ನಾವಿಬ್ಬರು ಹೆಂಗಸರು ನಿರ್ಣಯ ಪಾಸು ಮಾಡಿದೆವು: ಏಣಿ ಹಾಕಿಸುವವರೆಗೆ ದೋಣಿಗೆ ಚಿತ್ರಾನ್ನ ಬರುವುದಿಲ್ಲ.

ಗಂಡಸರು ಕಡಿಮೆ ಬೆಲೆಯ ಮೂರು ಮೆಟ್ಟಿಲಿನ ಏಣಿ ತಂದು ಹಾಲ್‌ನ ಕಾರ್ಪೆಟ್ ಮೇಲೆ ಮಲಗಿಸಿದರು. ಆರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆ ಕನ್ನಡಕ ಏರಿಸಿ ನೋಡಿದರು.

“ಇದರಲ್ಲಿ ನೀರಿನ ಕೆಳಗೆ ಎಷ್ಟು ಮೆಟ್ಟಿಲು ಇರತ್ತೋ?”

“ಒಂದಮ್ಮಾ. ಅದೂ ಸ್ವಲ್ಪ ಮುಳುಗಿರತ್ತೆ.”

“ಮತ್ತೆ ಮೊದಲ ಕಾಲು ಎಲ್ಲಿಡಬೇಕು? ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಹತ್ತೋಕೆ ನಾನೇನು ಕಪ್ಪೆಯಾ? ನಮ್ಮೂರ ಹೊಳೆಯಲ್ಲಿ ನೀರಿನ ಅಡೀಲೂ ಮೆಟ್ಟಿಲಿದೆ. ಅದನ್ನ ಕಟ್ಟಿಸಿದವರು ನಿನ್ನಷ್ಟು ಓದಿರಲಿಲ್ಲ.”

ನಮ್ಮವರು ಉತ್ತರ ಕೊಡದೆ ಕಂಪ್ಯೂಟರಿನ ಮುಂದೆ ಕೂತರು. ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್‌ನ ಮಾನದಂಡ ಸಿಕ್ಕಿತು. ಕೊನೆಯ ಮೆಟ್ಟಿಲು ನೀರಿನ ಮಟ್ಟದಿಂದ 22 ಅಂಗುಲವಾದರೂ ಕೆಳಗಿರಬೇಕು. ನೀರಿನಲ್ಲಿರುವವರು ಯಾರ ಸಹಾಯವೂ ಇಲ್ಲದೆ ತಾವೇ ಏಣಿಯನ್ನು ಕೆಳಗೆಳೆದುಕೊಳ್ಳುವಂತಿರಬೇಕು. ಅತ್ತೆಯ ಮುಖದಲ್ಲಿ ಆ ವಾರವಿಡೀ ಇದ್ದ ಕಳೆಯನ್ನು ನಾನು ಸಹಿಸಿಕೊಂಡದ್ದಕ್ಕೆ ಯಾವ ಕೌನ್ಸಿಲ್ಲೂ ಪ್ರಶಸ್ತಿ ಕೊಡಲಿಲ್ಲ. ಮೂರು ಮೆಟ್ಟಿಲಿನದನ್ನು ಹಿಂದಿರುಗಿಸಿ, ಒಂದರೊಳಗೊಂದು ಸೇರಿಕೊಳ್ಳುವ ನಾಲ್ಕು ಮೆಟ್ಟಿಲಿನ ಏಣಿ ತಂದರು. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ಉಪ್ಪುನೀರಿಗೆ ಅದೇ ಬೇಕಂತೆ.

ಕೆಲಸ ಶನಿವಾರ ಬೆಳಿಗ್ಗೆ ಎಂದಾಯಿತು. ಶನಿವಾರ 9ರಿಂದ 10:30 ರಾಹುಕಾಲ, ಆಗ ತೂತು ಕೊರೆಯಕೂಡದು ಎಂದರು ಅತ್ತೆ. ಅದು ಊರಿನ ಲೆಕ್ಕ, ಇಲ್ಲಿಯದು ಬೇರೆ ಎಂದು ನಮ್ಮವರು ಕಾಗದ, ಪೆನ್ನು ಹಿಡಿದರು. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಬೇಕು, ಶನಿವಾರದ ರಾಹುವಿಗೆ ಮೂರನೆಯ ಪಾಲು. ಜೂನ್ ಕೊನೆಯಲ್ಲಿ ಇಲ್ಲಿ ಹಗಲು ಹೆಚ್ಚುಕಡಿಮೆ 15 ಗಂಟೆ. ಲೆಕ್ಕ ಮುಗಿದಾಗ ಅನ್ನಾಪೊಲಿಸ್‌ನ ರಾಹುಕಾಲ 9:25ರಿಂದ 11:15ರವರೆಗೆ ಎಂದು ಬಂತು. ತಾಯಿಯ ನಂಬಿಕೆ ಮುರಿಯಲು ಹೋದವರು 20 ನಿಮಿಷ ಹೆಚ್ಚಿನ ರಾಹುಕಾಲ ಸಂಪಾದಿಸಿಕೊಂಡು ಬಂದರು. ಅಮೆರಿಕದಲ್ಲಿ ರಾಹುವೂ ಓವರ್‌ಟೈಮ್ ಮಾಡುತ್ತಾನೆ.

ಇನ್ನು ತೂತಿನ ಸುತ್ತ ನೀರು ಒಳಗಿಳಿಯದಂತೆ ಏನು ಮೆತ್ತಬೇಕು ಎನ್ನುವ ಪ್ರಶ್ನೆ. ನಮ್ಮ ಜನಕ್ಕೆ ಅರ್ಥವಾಗುವ ಹಾಗೆ ಹೇಳುವುದಾದರೆ, 5200 ಎಂಬ ಅಂಟು ಸಿಟಿಜನ್‌ಶಿಪ್, ಒಮ್ಮೆ ಹಿಡಿದರೆ ಜನ್ಮದಲ್ಲಿ ಬಿಡದು. 4200 ಅನ್ನುವುದು ಎಚ್-1ಬಿ. ಬ್ಯುಟೈಲ್ ಟೇಪು ವಿಸಿಟರ್ ವೀಸಾ, ಎಂದೂ ಗಟ್ಟಿಯಾಗದು, ಬೇಕೆಂದಾಗ ಕಿತ್ತು ತೆಗೆಯಬಹುದು. ನಮ್ಮವರು 5200 ಅಂದರು, ಹಾಸನದವರು 4200. ನಾನು ಬ್ಯುಟೈಲ್ ಎಂದು ಹಟ ಹಿಡಿದೆ. ದೋಣಿ ಮಾರುವ ಆಸೆ ನನಗಿನ್ನೂ ಇತ್ತು.

ರಾಹು ಎದ್ದುಹೋದ ಮೇಲೆ ಕೆಲಸ ಶುರು. ಹಿಂಬದಿಯ ಬಿಳಿ ಮೈಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಚುಕ್ಕೆ ಇಟ್ಟರು. ಟೇಪ್ ಇಲ್ಲದಿದ್ದರೆ ಜೆಲ್‌ಕೋಟ್ ಚಕ್ಕೆ ಏಳುತ್ತದೆ. ಮೊದಲು ಡ್ರಿಲ್ಲನ್ನು ಉಲ್ಟಾ ತಿರುಗಿಸಿ ಮೇಲ್ಪದರ ಸವೆಸಿ, ಆಮೇಲೆ ಸೀದಾ ಕೊರೆಯಬೇಕು. ತೂತಿನ ಬಾಯಿ ಸ್ವಲ್ಪ ಅಗಲಿಸಿದರೆ ಬೋಲ್ಟಿನ ಕತ್ತಿನ ಸುತ್ತ ಬ್ಯುಟೈಲ್ ಉಂಗುರದ ಹಾಗೆ ಕೂರುತ್ತದೆ. ಶಾಸ್ತ್ರವೆಲ್ಲ ಇಬ್ಬರಿಗೂ ಬಾಯಿಪಾಠ. ಆದರೆ ತೇಲುತ್ತಿರುವ ಸ್ವಂತ ದೋಣಿಗೆ ತೂತು ಕೊರೆಯಲು ಕೈ ಬರಬೇಕಲ್ಲ! “ನೀನು ಕೊರಿ.” “ನಿನ್ನ ಕೈ ಸ್ಟಡಿ ಇದೆ ಗುರು, ನೀನೇ ಕೊರಿ.” ಮುಂದೆ ಸೋರಿದರೆ ಯಾರ ಹೆಸರು ಬರಬೇಕೆಂಬ ಚಿಂತೆ ಇದು. ಕೊನೆಗೆ ಹಾಸನದ ನ್ಯಾಯವೇ ಗೆದ್ದಿತು: ಅರ್ಧ ದೋಣಿ ನಿಂದು, ಎರಡು ತೂತು ನಿಂದು.

ಬೋಲ್ಟು ಹೊರಗಿನಿಂದ, ನಟ್ಟು ಒಳಗಿನಿಂದ. ಒಳಗೆಂದರೆ ದೋಣಿಯ ಬಾಲದಲ್ಲಿರುವ ಗೂಡು. ಹೊಟ್ಟೆ ಬಂದವರು ಅದರೊಳಗೆ ತೂರಲಾರರು, ಅಂದರೆ ಮಾಲೀಕರಿಬ್ಬರೂ ಅನರ್ಹರು. ನನ್ನ ಮಗಳು ಹಣೆಗೆ ಲೈಟು ಕಟ್ಟಿಕೊಂಡು, ಸ್ಪ್ಯಾನರ್ ಹಿಡಿದು ನುಗ್ಗಿದಳು. ಬಲ ಒಂದೇ ಕಡೆ ಬಿದ್ದು ಫೈಬರ್‌ಗ್ಲಾಸು ಬಿರುಕು ಬಿಡಬಾರದೆಂದು ಒಳಗಡೆ ದಪ್ಪ ಹಲಗೆಯೊಂದನ್ನು ಕೊಟ್ಟು, ಅದರ ಮೇಲೆ ನಟ್ಟು ಬಿಗಿಯಬೇಕು. ಒಳಗಿನಿಂದ ಕೂಗು ಬಂತು: “ಅಪ್ಪಾ, ಸ್ಟಾಪ್! ನೀವು ಬೋಲ್ಟ್ ತಿರುಗಿಸ್ತಿದೀರ. ಅದನ್ನ ಹಿಡ್ಕೊಂಡಿರಿ ಅಷ್ಟೆ, ನಟ್ ನಾನು ತಿರುಗಿಸ್ತೀನಿ!” ಬೋಲ್ಟು ತಿರುಗಿದರೆ ಮೆತ್ತಿದ ಬ್ಯುಟೈಲ್ ಹರಿಯುತ್ತದೆ. ಏನೂ ಮಾಡಬೇಡಿ ಅಂದಿದ್ದನ್ನು ನಮ್ಮವರು ಅಷ್ಟು ವಿಧೇಯವಾಗಿ ಪಾಲಿಸಿದ್ದು ನಾನು ನೋಡಿದ್ದು ಆಗಲೇ.

ಸೀ ನೆಟ್ಟಲ್ ಎಂಬ ಕುಟುಕುವ ಲೋಳೆಮೀನುಗಳಿಗೆ ಜುಲೈ, ಆಗಸ್ಟ್ ಸುಗ್ಗಿ. ಅವು ಬರುವ ಮೊದಲೇ ಸ್ನಾನ ಆಗಲೆಂದು ಅತ್ತೆಯನ್ನು ಕರೆದುಕೊಂಡು ಹೋದೆವು. ಇದು ಸಮುದ್ರವೋ ಹೊಳೆಯೋ ಎಂದು ಅವರಿಗೆ ಮೊದಲು ಇತ್ಯರ್ಥವಾಗಬೇಕಿತ್ತು. ಹಿಮಯುಗ ಮುಗಿದು ಸಮುದ್ರ ಏರಿದಾಗ ಸಸ್ಕ್ವೆಹಾನ ನದಿಯ ಕಣಿವೆ ಮುಳುಗಿ ಈ ಚೆಸಪೀಕ್ ಕೊಲ್ಲಿ ಆಗಿದ್ದು, ಇಲ್ಲಿಗೆ ಬರುವ ಸಿಹಿನೀರಿನಲ್ಲಿ ಅರ್ಧದಷ್ಟು ಈಗಲೂ ಆ ನದಿಯದೇ ಎಂದು ಮೊಮ್ಮಗ ವಿವರಿಸಿದ. “ಹಾಗಾದ್ರೆ ಹೊಳೆಯೇ” ಎಂದು ತೀರ್ಪಾಯಿತು. ಏಳು ನದಿಗಳ ಹೆಸರು ಹೇಳಿ, ಎಂಟನೆಯದಾಗಿ “ಸಸ್ಕ್ವೆಹಾನೇ” ಎಂದು ಸಂಬೋಧಿಸಿ, ಸೀರೆಯ ಮೇಲೆ ಲೈಫ್ ಜಾಕೆಟ್ ಬಿಗಿದುಕೊಂಡು ಅತ್ತೆ ಒಂದೊಂದೇ ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲಿನಲ್ಲಿ ನಿಂತು ಮುಳುಗು ಹಾಕಲು ನೋಡಿದರೆ ಮೈ ಪುಟಿದು ಮೇಲೇಳುತ್ತದೆ.

“ಇದು ಮುಳುಗೋಕೇ ಬಿಡಲ್ಲವಲ್ಲೋ!”

“ಅದಕ್ಕೇ ಕಣಮ್ಮಾ ಅದನ್ನ ಹಾಕಿರೋದು.”

ಚೊಂಬು ಇಳಿಸಿಕೊಟ್ಟೆ. ತಲೆಗೆ ನೀರು ಸುರಿದುಕೊಂಡು, ಎರಡೂ ಕಡೆ ಹಿಡಿದು, ಯಾರ ಕೈಯನ್ನೂ ಕೇಳದೆ ಹತ್ತಿ ಬಂದರು. ವಿಂಚಿನಲ್ಲಿ ಬಂದಿದ್ದ ಹಾಸನದವರು ಆ ಹೊತ್ತಿಗೆ ಬೇರೆಲ್ಲೋ ನೋಡುತ್ತಿದ್ದರು.

ಒದ್ದೆ ಸೀರೆಯನ್ನು ಹಾಯಿಯ ಅಡ್ಡಗಂಬಕ್ಕೆ ಹರವಿದೆವು. ಕಿತ್ತಳೆ ಬಣ್ಣ, ಅಲ್ಲಲ್ಲಿ ದೊಡ್ಡ ಕಪ್ಪು ಚೌಕಗಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಲಂಗರು ಹಾಕಿದ್ದ ವಯಸ್ಸಾದ ಅಮೆರಿಕನ್ನರೊಬ್ಬರು ರಬ್ಬರ್ ದೋಣಿಯಲ್ಲಿ ಭರ್ರನೆ ಬಂದು, ಎಲ್ಲರೂ ಕ್ಷೇಮವೇ ಎಂದು ಗಾಬರಿಯಿಂದ ಕೇಳಿದರು. ಕಿತ್ತಳೆ ಬಟ್ಟೆಯ ಮೇಲೆ ಕಪ್ಪು ಚೌಕ, ಕಪ್ಪು ವೃತ್ತ ಇದ್ದರೆ ಅದು ಕೋಸ್ಟ್ ಗಾರ್ಡ್ ಒಪ್ಪಿದ ಹಗಲಿನ ಅಪಾಯದ ಬಾವುಟ. ನಮ್ಮ ಬಾವುಟ ಆರು ಗಜ ಇತ್ತು. ಅಪಾಯವೂ ಅಷ್ಟೇ ದೊಡ್ಡದಿರಬೇಕು ಎಂದುಕೊಂಡರಂತೆ.

ಏನೂ ಇಲ್ಲ, ಬನ್ನಿ ಎಂದು ಕರೆದೆವು. ಹೊಸ ಏಣಿ ಹತ್ತಿದ ಮೊದಲ ಅತಿಥಿ ಅವರೇ. ಅತ್ತೆ ಕೋಡುಬಳೆ ಡಬ್ಬಿ ತೆಗೆದವರು, ಮುಚ್ಚಳಕ್ಕೆ ಕೈ ಅಡ್ಡ ಇಟ್ಟು ನನ್ನತ್ತ ತಿರುಗಿದರು: “ಕಾಲು ತೊಳ್ಕೊಂಡು ಬರೋಕೆ ಹೇಳೇ.”

“ಕೊನೇ ಮೆಟ್ಟಿಲು 22 ಅಂಗುಲ ನೀರೊಳಗಿದೆ ಅತ್ತೆ. ತೊಳ್ಕೊಂಡೇ ಬಂದಿದಾರೆ.”