ಕೊರಳಿಗೆ ಪಾಸು ಬಿದ್ದ ಮೇಲೆ

ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಪಾಸು ಕೊರಳಿಗೆ ಬಿತ್ತೆಂದರೆ ರಾಯರು ಒಂದು ವಾರ ಮನೆಯವರ ಲೆಕ್ಕಕ್ಕಿಲ್ಲ. ಬ್ಯಾಂಕಿನಿಂದ ನಿವೃತ್ತರು. ಮದುವೆಮನೆಯಲ್ಲಿ ಹತ್ತು ನಿಮಿಷ ಕೂತರೆ ಸೊಂಟ ಹಿಡಿಯಿತು ಅನ್ನುವವರು. ಅಂಥವರು ಜಯನಗರದಲ್ಲಿ ಹಸಿರು ಮೆಟ್ರೊ ಹತ್ತಿ, ಉತ್ಸವ ನಡೆಯುವ ಮಾಲ್ ಹೊಕ್ಕರೆ ದಿನಕ್ಕೆ ಐದು ಸಿನಿಮಾ. ಸೊಂಟದ ಸುದ್ದಿಯೇ ಇಲ್ಲ.

ಬಾಗಿಲು ತೆರೆದದ್ದೇ ತಡ, ಕರ್ಚೀಫು, ಕೊಡೆ, ನೀರಿನ ಬಾಟಲಿ, ಕ್ಯಾಟಲಾಗು ಒಂದೊಂದು ಸೀಟಿನ ಮೇಲೆ ಬೀಳುತ್ತವೆ, ಥೇಟ್ ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದ ಹಾಗೆ. ಪಕ್ಕದ ಸ್ಕ್ರೀನಿನ ಕ್ಯೂನಲ್ಲಿರುವ ಗೆಳೆಯರಿಗೆ ಅವು ಮೀಸಲು. ಆ ಗೆಳೆಯರು ಅಲ್ಲಿ ಇವರಿಗೊಂದು ಸೀಟು ಹಿಡಿದಿರುತ್ತಾರೆ. ಎಷ್ಟೋ ಸಲ ಎರಡೂ ಕಡೆ ಕರ್ಚೀಫುಗಳೇ ಸಿನಿಮಾ ನೋಡುತ್ತವೆ.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಾದ್ದರಿಂದ ಕೋಡುಬಳೆ ಜುಬ್ಬಾದ ಒಳಜೇಬಿನಲ್ಲಿ. ಇರಾನಿನ ಸಿನಿಮಾಗಳಲ್ಲಿ ಮೌನ ಜಾಸ್ತಿ, ಕಟುಂ ಅಂದರೆ ಆರು ಸಾಲಿಗೆ ಕೇಳುತ್ತದೆ. ಅದಕ್ಕೇ ಕೊರಿಯಾದವರ ಹೊಡೆದಾಟ ಬರುವವರೆಗೆ ಹಸಿವು ತಡೆದುಕೊಳ್ಳುತ್ತಾರೆ.

ಅವರ ಪ್ರಕಾರ ಸಿನಿಮಾ ಅಂದರೆ ಹಂಗೇರಿಯ ಬೇಲಾ ತಾರ್ ಅವರ 'ಟ್ಯೂರಿನ್ ಹಾರ್ಸ್'. 146 ನಿಮಿಷಕ್ಕೆ ಸುಮಾರು 30 ಶಾಟುಗಳು. ಅಪ್ಪ-ಮಗಳು ದಿನಾ ಆಲೂಗಡ್ಡೆ ಬೇಯಿಸಿ ತಿನ್ನುತ್ತಾರೆ, ಹೊರಗೆ ಗಾಳಿ ಬೀಸುತ್ತದೆ. ನೋಡಿ ಬಂದ ರಾತ್ರಿ ರಾಯರು, "ಬರೀ ಬೇಯಿಸಿದ ಆಲೂಗಡ್ಡೆ ಸಾಕು ಕಣೇ" ಅಂದರಂತೆ. "ಪಲ್ಯ ಆಗಿದೆ, ಸುಮ್ಮನೆ ಬಡಿಸ್ಕೊಳ್ಳಿ" ಎಂದು ಹೆಂಡತಿಯ ಉತ್ತರ.

2015ರಲ್ಲಿ ರಾಮ್ ರೆಡ್ಡಿಯವರ 'ತಿಥಿ'ಗೆ ಲೊಕಾರ್ನೊದಲ್ಲಿ ಪ್ರಶಸ್ತಿ ಬಂದಾಗ ರಾಯರು ಬೀದಿಗೆಲ್ಲ ಸಾರಿದರು. ಮಂಡ್ಯ ಸೀಮೆಯ ಹಳ್ಳಿಯವರೇ ನಟರು, ಗಡ್ಡಪ್ಪ ಗಡ್ಡಪ್ಪನೇ, ಮೇಕಪ್ಪಿಲ್ಲ! ಮರುವರ್ಷ ಸಿನಿಮಾ ಬಿಡುಗಡೆಯಾಗಿ ಜನ ಬಿದ್ದು ಬಿದ್ದು ನಕ್ಕರು ನೋಡಿ, ರಾಯರಿಗೆ ಅನುಮಾನ ಶುರುವಾಯಿತು. "ಇಷ್ಟು ಜನಕ್ಕೆ ಅರ್ಥವಾಯ್ತು ಅಂದ್ರೆ ಎಲ್ಲೋ ಎಡವಟ್ಟಾಗಿದೆ ಕಣ್ರೀ."

ಸಿನಿಮಾ ಮುಗಿದ ಮೇಲಿನ ಸಂವಾದದಲ್ಲಿ ಮೊದಲ ಮೈಕು ಇವರಿಗೇ. ಎದುರಿಗೆ ಇಪ್ಪತ್ತೇಳರ ನಿರ್ದೇಶಕ, ಕೈ ಸಣ್ಣಗೆ ನಡುಗುತ್ತಿದೆ. ರಾಯರು 1971ರಲ್ಲಿ ಸುಚಿತ್ರಾ ಫಿಲಂ ಸೊಸೈಟಿ ಹುಟ್ಟಿದ್ದರಿಂದ ಹೊರಟು, 1977ರ 'ಘಟಶ್ರಾದ್ಧ'ಕ್ಕೆ ಬಂದು, ಕಾಸರವಳ್ಳಿಯವರಿಗೆ ಸ್ವರ್ಣಕಮಲ ಕೊಡಿಸಿ, ಉಸಿರು ತೆಗೆದುಕೊಳ್ಳುತ್ತಾರೆ.

"ಸಾರ್, ಪ್ರಶ್ನೆ?"

"ಪ್ರಶ್ನೆ ಏನಿಲ್ಲಪ್ಪ. ತಿಳಿದಿರಲಿ ಅಂತ."

ಹಾಗಂತ ಬರೀ ನಗಬೇಡಿ. ಸಾಲ ಮಾಡಿ ತೆಗೆದ ಆ ಹುಡುಗನ ಸಿನಿಮಾದಲ್ಲಿ, ಊಟ ಬೇಯಿಸಿದವರ ಹೆಸರು ತೆರೆಯ ಮೇಲೆ ಹೋಗುವವರೆಗೂ ಎದ್ದೇಳದೆ ಕೂತಿದ್ದವರು ಇವರೊಬ್ಬರೇ. ಮಿಕ್ಕವರು ಅಷ್ಟರಲ್ಲಿ ಮುಂದಿನ ಕ್ಯೂನಲ್ಲಿದ್ದರು.

"ನಮ್ಮ ಜನ ಇಂಥವನ್ನ ನೋಡಲ್ಲ ಕಣ್ರೀ" ಅನ್ನುವುದು ವಾರವಿಡೀ ಅವರ ಪಲ್ಲವಿ. 2025ರ ಮಾರ್ಚ್‌ನಲ್ಲಿ ಸುಮಂತ್ ಭಟ್ ಅವರ 'ಮಿಥ್ಯ' ಥಿಯೇಟರಿಗೆ ಬಂತು. ಅಪ್ಪ-ಅಮ್ಮನನ್ನು ಕಳೆದುಕೊಂಡ ಹುಡುಗನ ಕಥೆ, ರಾಯರಿಗೆಂದೇ ತೆಗೆದಂತಿತ್ತು. ಫೋನ್ ಮಾಡಿದೆ. "ಬನ್ನಿ ರಾಯರೇ, ಹೋಗೋಣ, ಆನ್‌ಲೈನಲ್ಲೇ ಬುಕ್ ಮಾಡ್ತೀನಿ."

"ಟಿಕೆಟ್ಟಾ?" ಅಂದರು. ಧ್ವನಿಯಲ್ಲಿ ನಿಜವಾದ ನೋವಿತ್ತು. "ದುಡ್ಡು ಕೊಟ್ಟು ಯಾರಾದ್ರೂ ಆರ್ಟ್ ಸಿನಿಮಾ ನೋಡ್ತಾರೇನ್ರೀ? ಮುಂದಿನ ಫೆಸ್ಟಿವಲ್ಲಿಗೆ ಹಾಕ್ತಾರೆ, ತಡೀರಿ."