ಬದನೆಕಾಯಿಯ ಬಣ್ಣ

ಅಕ್ಕಾ, ಬಟ್ಟೆ ಆಮೇಲೆ ಒಣಹಾಕುವಿರಂತೆ, ಒಂದು ನಿಮಿಷ ಕಾಂಪೌಂಡ್ ಹತ್ತಿರ ಬನ್ನಿ. ಹೋದ ಶನಿವಾರ ಚಿತ್ರದ ಕ್ಲಾಸಿಗೆ ಯಾಕೆ ಬರಲಿಲ್ಲ? ಮಂಡಿನೋವು ಅಂತ ಹೇಳಿಕಳಿಸಿದ್ರಿ, ಸರಿ. ಆದ್ರೆ ಮೇಷ್ಟ್ರು ‘ಮುಂದಿನ ವಾರದಿಂದ ಬಣ್ಣ’ ಅಂದಾಗಲೇ ನಿಮ್ಮ ಮುಖ ಸಪ್ಪಗಾಗಿದ್ದು ನಾನು ನೋಡಿದೆ. ಪೆನ್ಸಿಲ್ ಹಿಡಿದ್ರೆ ನಮ್ಮ ಗುಂಪಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಆ ಹಿತ್ತಾಳೆ ಚೊಂಬಿಗೆ ನೀವು ಕೊಟ್ಟ ನೆರಳು ನೋಡೋಕೆ ಎಲ್ಲರೂ ಎದ್ದು ಬಂದಿದ್ರು. ಅಷ್ಟು ಚೆನ್ನಾಗಿ ಬರೆದದ್ದು ಬಣ್ಣ ಬಿದ್ದು ಕೆಟ್ಟುಹೋದ್ರೆ ಅನ್ನೋದೇ ಅಲ್ವಾ ಭಯ? ನಿಮ್ಮೊಬ್ಬರದ್ದೇ ಅಲ್ಲ ಅಕ್ಕ, ಅಲ್ಲಿ ಕೂತ ಅಷ್ಟೂ ಜನರದ್ದೂ ಅದೇ.

ಸ್ಕೂಲಲ್ಲಿ ನಮಗೆ ಬಂದ ಪಾಠ ಹಾಗಿತ್ತು. ಎಲೆ ಹಸಿರು, ಆಕಾಶ ನೀಲಿ, ಕಾಂಡ ಕಂದು, ಗೆರೆ ದಾಟಿದ್ರೆ ಬೈಗುಳ. ಮನೇಲಿ ಬಣ್ಣದ ಡಬ್ಬಿ ಕೊಡಿಸಿದ್ರೂ ‘ಸುಮ್ಮನೆ ಖರ್ಚು ಮಾಡಬೇಡ’ ಅನ್ನೋರು. ಆ ಬಿಲ್ಲೆಗಳು ಮುಟ್ಟದೇನೇ ಬಿರುಕು ಬಿಡ್ತಿದ್ವು. ಐವತ್ತು ದಾಟಿದ ಮೇಲೂ ಕುಂಚ ಎತ್ತಿದ ಕೂಡ್ಲೆ ಕೈ ತಡೆಯೋದು ಅದಕ್ಕೇ. ನಮಗೆ ಬಣ್ಣ ಗೊತ್ತಿಲ್ಲ ಅಂತಲ್ಲ.

ಮೇಷ್ಟ್ರು ಏನು ಮಾಡಿದ್ರು ಕೇಳಿ. ಯಾರ ಮುಂದೂ ಅವರವರ ಹಾಳೆ ಇಡಲಿಲ್ಲ. ಮೇಜಿನ ಮೇಲೆ ಒಂದೇ ದೊಡ್ಡ ಡ್ರಾಯಿಂಗ್ ಶೀಟ್. ಒಬ್ಬರು ಒಂದು ಬಣ್ಣ ಇಡೋದು, ಶೀಟನ್ನ ಪಕ್ಕದವರಿಗೆ ಸರಿಸೋದು. ಯಾರದ್ದೂ ಅಲ್ಲದ ಚಿತ್ರ, ಕೆಟ್ಟರೆ ಯಾರದ್ದು ಕೆಟ್ಟಿತು? ಅಷ್ಟು ದಿನ ಮೂಲೇಲಿ ಕೂತು ಬರೀ ನೋಡ್ತಿದ್ದ ಹುಡುಗಿ, ಯಾರೋ ಇಟ್ಟ ನೇರಳೆ ಪಕ್ಕ ಕಿತ್ತಳೆ ಬಣ್ಣ ಬಳಿದುಬಿಟ್ಳು. ಎಲ್ಲರೂ ‘ಆಹಾ’ ಅಂದ್ರು. ಅವಳ ಮುಖ ನೀವು ನೋಡಬೇಕಿತ್ತು.

ಆಮೇಲೆ ಒಂದೇ ಬೂದುಬಣ್ಣದ ಕಾಗದದಿಂದ ಎರಡು ಚೂರು ಕತ್ತರಿಸಿ, ಒಂದನ್ನ ಹಳದಿ ಹಾಳೆ ಮೇಲೆ, ಇನ್ನೊಂದನ್ನ ನೇರಳೆ ಹಾಳೆ ಮೇಲೆ ಇಟ್ರು. ಅಕ್ಕ, ಸತ್ಯವಾಗ್ಲೂ ಹೇಳ್ತೀನಿ, ಹಳದಿ ಮೇಲಿದ್ದ ಚೂರಿಗೆ ನೇರಳೆ ಛಾಯೆ ಬಂದಂಗೆ, ನೇರಳೆ ಮೇಲಿದ್ದದ್ದಕ್ಕೆ ಹಳದಿ ಛಾಯೆ ಬಂದಂಗೆ ಕಾಣ್ತು. ಎತ್ತಿ ಪಕ್ಕಪಕ್ಕ ಇಟ್ರೆ ಎರಡೂ ಒಂದೇ! ಇದಕ್ಕೊಂದು ಕಥೆನೂ ಹೇಳಿದ್ರು ಮೇಷ್ಟ್ರು. ಪ್ಯಾರಿಸ್ಸಲ್ಲಿ ಗೋಬೆಲಾ ಅಂತ ಚಿತ್ರದ ಪರದೆ ನೇಯೋ ಕಾರ್ಖಾನೆ ಇದೆಯಂತೆ. ಅಲ್ಲಿ ಬಣ್ಣ ಹಾಕೋ ವಿಭಾಗ ನೋಡಿಕೊಳ್ತಿದ್ದವರು ಶೆವ್ರೋಲ್ ಅನ್ನೋ ರಸಾಯನಶಾಸ್ತ್ರಜ್ಞರು. ಕಪ್ಪು ದಾರ ಮಂಕಾಗಿ ಕಾಣುತ್ತೆ ಅಂತ ಅವರಿಗೆ ದೂರು ಬಂತು. ಪರೀಕ್ಷೆ ಮಾಡಿದ್ರೆ ಬಣ್ಣದಲ್ಲಿ ಏನೂ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ದಾರಗಳು ಕಪ್ಪನ್ನ ಹಾಗೆ ಕಾಣಿಸ್ತಿದ್ವು. ಅದರ ಮೇಲೇ 1839ರಲ್ಲಿ ದೊಡ್ಡ ಪುಸ್ತಕ ಬರೆದ್ರು. ಇದು ಕೇಳಿದ ಮೇಲೆ ನನಗೆ ಎಷ್ಟೋ ಧೈರ್ಯ ಬಂತು. ತಪ್ಪು ಬಣ್ಣ ಅಂತ ಒಂದು ಇರೋದೇ ಇಲ್ಲ. ಒಪ್ಪಲಿಲ್ಲ ಅಂದ್ರೆ ಪಕ್ಕದ್ದನ್ನ ಬದಲಾಯಿಸಿದ್ರೂ ಆಯಿತು.

ನಿಮಗೆ ಇದು ಹೊಸದೇನಲ್ಲ. ಚಿಕ್ಕಪೇಟೇಲಿ ಬ್ಲೌಸ್ ಪೀಸ್ ಆರಿಸೋವಾಗ ಅಂಗಡಿ ಲೈಟು ನಂಬದೆ ಸೀರೆ ಸಮೇತ ಬಾಗಿಲಿಗೆ ತಂದು ಬಿಸಿಲಲ್ಲಿ ನೋಡೋರು ಯಾರು? ಗಿಣಿಹಸಿರು ಸೀರೆಗೆ ರಾಣಿ ಪಿಂಕ್ ಹಾಕಿ ಅಂತ ನನಗೆ ಹೇಳಿದ್ದೂ ನೀವೇ. ಅದೇ ಕಣ್ಣು ಕಾಗದದ ಮುಂದೆ ಎಲ್ಲಿಗೆ ಹೋಗುತ್ತೆ?

ಕೊನೆಗೆ ಹಳದಿ ಬಟ್ಟೆ ಮೇಲೆ ಒಂದು ಗುಂಡು ಬದನೆಕಾಯಿ ಇಟ್ಟು ಬರೀರಿ ಅಂದ್ರು. ನಾವೆಲ್ಲ ಡಬ್ಬಿಯಲ್ಲಿ ‘ಬದನೆಕಾಯಿ ಬಣ್ಣ’ ಹುಡುಕ್ತಾ ಕೂತ್ವಿ. ಅದು ಡಬ್ಬಿಯಲ್ಲಿಲ್ಲ ಅಕ್ಕ, ಕ್ರಿಮ್ಸನ್ನಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಿದ್ರೆ ಬರುತ್ತೆ. ಹೊಳೆಯೋ ಕಡೆ ಬಣ್ಣವೇ ಬೇಡ, ಕಾಗದದ ಬಿಳಿಯನ್ನೇ ಬಿಟ್ಟುಬಿಡಬೇಕು. ಹೊಟ್ಟೆ ಕೆಳಗಡೆ ದಿಟ್ಟಿಸಿ ನೋಡಿದ್ರೆ ಬಟ್ಟೆಯ ಹಳದಿ ಬಡಿದು ಅಂಚು ಸ್ವಲ್ಪ ಕೆಂಪಗಾಗಿತ್ತು. ನೆರಳಿಗೆ ನಾನು ಕಪ್ಪು ತೆಗೆಯೋಕೆ ಹೋದೆ. ‘ಮೊದಲು ನೋಡಿ, ಅಲ್ಲಿ ಕಪ್ಪು ಇದೆಯಾ?’ ಅಂದ್ರು. ಇರಲಿಲ್ಲ. ಹಳದಿಗೆ ಅದೇ ನೇರಳೆ ಒಂದು ತೊಟ್ಟು ಸೇರಿಸಿದ್ರೆ ಬರೋ ಮಣ್ಣುಗಂದು, ಥೇಟ್ ಅದೇ ಅಲ್ಲಿ ಬಿದ್ದಿತ್ತು. ಅಡುಗೆಮನೇಲಿ ದಿನಾ ಕೈಯಲ್ಲಿ ಹಿಡಿಯೋ ಬದನೆಕಾಯಿ, ಅವತ್ತೇ ನೋಡಿದ್ದು ಅನ್ನಿಸ್ತು.

ಹಚ್ಚಿದ ಕೂಡ್ಲೆ ಗಾಢವಾಯ್ತು ಅಂತ ಗಾಬರಿ ಆಗೋದೂ ಬೇಡ. ನೀರಿನ ಬಣ್ಣ ಒಣಗಿದ್ರೆ ತಿಳಿಯಾಗುತ್ತೆ. ಹಸಿ ಇದ್ದಾಗಲೇ ಟಿಶ್ಯೂ ಒತ್ತಿ ಎತ್ತಿದ್ರೆ ಬಹಳಷ್ಟು ಬಂದುಬಿಡುತ್ತೆ. ಅರ್ಧ ಒಣಗಿರೋವಾಗ ಮತ್ತೆ ಮತ್ತೆ ಉಜ್ಜಬಾರದು, ಅಷ್ಟೆ. ಉಜ್ಜಿದ್ರೆ ಕೆಸರು. ಹೆದರಿದ ಕೈಯೇ ಹಾಗೆ ಉಜ್ಜೋದು.

ರುಮಾಲೆ ಚನ್ನಬಸವಯ್ಯನವರ ಹೆಸರು ಕೇಳಿದ್ದೀರಲ್ಲ? 1910ರಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಹೋರಾಟ, ರಾಜಕೀಯ ಎಲ್ಲ ಮುಗಿಸಿಕೊಂಡು ನಡುವಯಸ್ಸು ದಾಟಿದ ಮೇಲೆ ಪೂರಾ ಚಿತ್ರಕ್ಕೇ ಬಂದ್ರು. ನಮ್ಮ ಬೆಂಗಳೂರಿನ ಹೂ ಬಿಟ್ಟ ಮರಗಳ ಮುಂದೆ ಹೋಗಿ ಕೂತು ಬರೆದವರು. ಅವರ ಗುಲ್‌ಮೊಹರ್ ನೋಡಿ, ಕೆಂಪು ಸುರಿದಂಗಿರುತ್ತೆ, ಒಂದು ಚೂರೂ ಹಿಂಜರಿಕೆ ಇಲ್ಲ. ಮಾರ್ಚಿನಿಂದ ಮೇ ತನಕ ನಮ್ಮ ಬೀದಿಯಲ್ಲೇ ಅಷ್ಟು ಬಣ್ಣ ಇರುತ್ತಲ್ಲ ಅಕ್ಕ, ನಾವು ಕಣ್ಣೆತ್ತಿ ನೋಡದೆ ತರಕಾರಿ ತರೋಕೆ ಹೋಗಿಬಿಡ್ತೀವಿ. ಅದನ್ನ ನೆನೆದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಮೂರೇ ಟ್ಯೂಬ್ ಸಾಕಂತೆ ಶುರುವಿಗೆ: ಒಂದು ಕೆಂಪು, ಒಂದು ಹಳದಿ, ಒಂದು ನೀಲಿ. ನನ್ನ ಹತ್ರ ಇದ್ದಾವೆ, ನೀವು ಕೊಳ್ಳೋದೇ ಬೇಡ. ಕಾಗದ ಮಾತ್ರ ಸ್ವಲ್ಪ ದಪ್ಪದ್ದು ಬೇಕು, ತೆಳುವಾದ್ರೆ ನೀರಿಗೆ ಸುಕ್ಕಾಗುತ್ತೆ. ಚೊಂಬಿನ ಚಿತ್ರ ಹಾಗೇ ಎತ್ತಿಟ್ಟಿರಿ, ಅದನ್ನ ಯಾರೂ ಮುಟ್ಟಲ್ಲ. ಕುಂಚ ಒರೆಸೋಕೆ ಹಳೇ ಕಾಟನ್ ಸೀರೆ ತುಂಡು ಒಂದು ತನ್ನಿ. ನಾಲ್ಕು ಗಂಟೆಗೆ ಗೇಟ್ ಹತ್ರ ಬಂದು ಕೂಗ್ತೀನಿ, ಮಂಡಿಗೆ ಎಣ್ಣೆ ಹಚ್ಚಿಕೊಂಡು ರೆಡಿಯಾಗಿರಿ.